ಗುಲಾಬಿಯ ಮನೆಯಲ್ಲಿಟ್ಟ ಪ್ರಸ್ಥಾನ

ನನ್ನ ಸೊಸೆ ಶೈಲಜಾ ಬಾಗಿಲು ಹಾಕುವಾಗ ಸದ್ದು ಮಾಡುವುದಿಲ್ಲ. ಹಿಡಿಯನ್ನು ಪೂರ್ತಿ ತಿರುಗಿಸಿ ಹಿಡಿದು, ಬಾಗಿಲನ್ನು ಚೌಕಟ್ಟಿಗೆ ಕೂರಿಸಿ, ಆಮೇಲೆ ಮೆಲ್ಲಗೆ ಕೈ ಬಿಡುತ್ತಾಳೆ. ನಾನು ಅಮೆರಿಕದ ಸನ್ನಿವೇಲ್‌ನಲ್ಲಿ ಮಗ ಸೊಸೆಯ ಅಪಾರ್ಟ್‌ಮೆಂಟಿಗೆ ಬಂದ ಮೊದಲ ವಾರದಲ್ಲೇ ಇದನ್ನು ಗಮನಿಸಿದ್ದೆ. ನನ್ನದು ತೆಳುನಿದ್ದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ತಾನೇ ಕಂಡುಕೊಂಡಿದ್ದಳು. ಆ ಶನಿವಾರ ಅವಳು ಬಾಗಿಲನ್ನು ಎಲ್ಲರಂತೆ ಎಳೆದುಕೊಂಡು ಹೋಗಿದ್ದರೆ ನನಗೆ ಎಚ್ಚರವಾಗುತ್ತಿತ್ತು.

ಅದು ೧೯೮೫ರ ಏಪ್ರಿಲ್. ಮಗ ಆನಂದ ಆಫೀಸಿನ ಕೆಲಸದ ಮೇಲೆ ಎರಡು ವಾರಕ್ಕೆ ಡಲ್ಲಾಸ್‌ಗೆ ಹೋಗಿದ್ದ. ಮನೆಯಲ್ಲಿ ನಾನು, ಶೈಲಜಾ ಇಬ್ಬರೇ. ಅವಳ ಆಫೀಸಿನಲ್ಲಿ ಟಾಮ್ ಮತ್ತು ಜೂಡಿ ಎಂಬ ಗಂಡ ಹೆಂಡತಿ ಇದ್ದರು. ಮೂರು ವರ್ಷದಿಂದ ಅವರು ಇವಳನ್ನು ಪೂರ್ವದ ಸಿಯೆರಾ ಬೆಟ್ಟಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಜನ ಸಾಲುಗಟ್ಟಿ ತಂತಿಗೆ ತೂಗುವ ಕುರ್ಚಿಯಲ್ಲಿ ಕೂತು ಮೇಲೆ ಹೋಗಿ ಜಾರಿ ಬರುವ ಸ್ಕೀಯಿಂಗ್ ಅಲ್ಲ ಅದು. ಇವರು ಕಾಲಿಗೆ ಕಟ್ಟಿದ ಉದ್ದ ಸ್ಕೀ ಹಲಗೆಯ ತಳಕ್ಕೆ ರೋಮದ ಪಟ್ಟಿ ಅಂಟಿಸಿಕೊಂಡು, ದಾರಿಯೇ ಇಲ್ಲದ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿ, ತುದಿಯಲ್ಲಿ ಪಟ್ಟಿ ಕಿತ್ತುಹಾಕಿ, ಯಾರೂ ತುಳಿಯದ ಹಿಮದ ಮೇಲೆ ಇಳಿಯುತ್ತಿದ್ದರು.

ಮಾರ್ಚಿನಲ್ಲಿ ಹಿಮ ತಡವಾಗಿ ಬಹಳ ಬಿದ್ದಿತ್ತು. ಎಲ್ಲೋ ಒಂದು ಬೆಟ್ಟದಲ್ಲಿ ಹಿಮ ಕುಸಿದು ಇಬ್ಬರು ಹುಡುಗರು ಹೂತುಹೋದ ಸುದ್ದಿಯನ್ನು ಪೇಪರಿನಲ್ಲಿ ಓದಿ ನಾನು ಕೇಳಿದ್ದೆ:

"ಹೋಗ್ಲೇಬೇಕೇನೇ ಶೈಲೂ?"

"ದಿನಾ ಫ್ರೀವೇ ಮೇಲೆ ಕಾರ್ ಓಡಿಸ್ತೀನಲ್ಲ ಅತ್ತೆ, ಅದಕ್ಕಿಂತ ಇದು ಸೇಫು."

"ಫ್ರೀವೇ ನಿನ್ನ ಮೇಲೆ ಬೀಳಲ್ಲ."

ಅವಳು ನಕ್ಕಿದ್ದಳು. ಮುಂದಿನ ವಾರ ಮತ್ತೆ ಕೇಳಿದಾಗ ನಗಲಿಲ್ಲ. "ಇದೊಂದು ಬಿಟ್ಬಿಡಿ ಅತ್ತೆ. ಆಫೀಸು ಎಲ್ಲರದ್ದು, ಮನೆ ಎಲ್ಲರದ್ದು. ನಂದು ಅಂತ ಇರೋದು ಇದೊಂದೇ," ಎಂದಳು. ನಾನು ಮೂರನೆಯ ಸಲ ಕೇಳಲಿಲ್ಲ.

ಕೇಳದೆ ಪಂಚಾಂಗ ನೋಡಿದೆ. ಬಿ.ಎಸ್‌ಸಿ. ಓದಿ, ಮೈಸೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಹೇಳಿದವಳು ನಾನು. ಆದರೂ ಪಂಚಾಂಗ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಯಾವಾಗಲೂ ಇರುತ್ತದೆ. ಅವಳು ಹೊರಡುವ ಶನಿವಾರ ಅಮಾವಾಸ್ಯೆ. ಶನಿವಾರ ಪೂರ್ವಕ್ಕೆ ಹೊರಡಬಾರದು, ವಾರಶೂಲೆ. ಅವಳು ಹೋಗುವುದು ನೇರ ಪೂರ್ವಕ್ಕೆ.

ಇದಕ್ಕೆ ನಮ್ಮ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲಿನ ಒಳ್ಳೆಯ ದಿನ ಹೊರಡುವವರ ಒಂದು ವಸ್ತುವನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಪ್ರಯಾಣ ಆಗಲೇ ಶುರುವಾಯಿತೆಂದು ಅರ್ಥ. ಆಮೇಲೆ ಹೊರಡುವಾಗ ಅದನ್ನು ಎತ್ತಿಕೊಂಡು ಮುಂದೆ ಹೋಗುವುದು. ನಮ್ಮ ತಂದೆಯ ಕೊಡೆ ಎಷ್ಟೋ ಸಲ ಅವರಿಗಿಂತ ಎರಡು ದಿನ ಮೊದಲೇ ಪಕ್ಕದ ಮನೆಗೆ ಹೊರಟಿರುತ್ತಿತ್ತು.

ಗುರುವಾರ ಸಂಜೆ ಶೈಲಜಾ ಆಫೀಸಿನಲ್ಲಿದ್ದಾಗ ಅವಳ ಬೆನ್ನುಚೀಲದ ಮೇಲಿನ ಜೇಬನ್ನು ತೆರೆದೆ. ಅವಳಿಗೆ ಹೇಳಿ ಮಾಡಬಹುದಿತ್ತು. ನಾಚಿಕೆಯಾಯಿತು. ಅವಳಿಗೆ ತೊಂದರೆಯಾಗದಂಥ, ಅಷ್ಟೇನೂ ಬೇಕಾಗದ ಒಂದು ವಸ್ತು ಹುಡುಕಿದೆ. ಕೆಂಪು ಬಟ್ಟೆಯ ಸಣ್ಣ ಚೀಲ ಸಿಕ್ಕಿತು. ಒಳಗೆ ಸೋಪಿನ ಪೆಟ್ಟಿಗೆಯಷ್ಟು ಹಳದಿ ಡಬ್ಬಿ, ಕಿವಿಗೆ ಸಿಕ್ಕಿಸಿಕೊಳ್ಳುವ ಒಂದು ವೈರು. ಟ್ರಾನ್ಸಿಸ್ಟರ್ ರೇಡಿಯೋ ಎಂದುಕೊಂಡೆ. ಬೆಟ್ಟದ ಮೇಲೆ ಹಾಡು ಕೇಳದಿದ್ದರೆ ಏನಂತೆ.

ಕೆಳಗಿನ ಮಹಡಿಯಲ್ಲಿ ಮಂಗಳೂರಿನ ಗುಲಾಬಿ ಮತ್ತು ದೇವದಾಸ್ ಇದ್ದರು. ಗುಲಾಬಿ ಆಸ್ಪತ್ರೆಯಲ್ಲಿ ನರ್ಸು. ಚೀಲವನ್ನು ಅವಳ ಕೈಗೆ ಕೊಟ್ಟು ವಿಷಯ ಹೇಳಿದೆ.

"ನಮ್ಮಲ್ಲಿ ಈ ಕ್ರಮ ಇಲ್ಲ ವೇದಮ್ಮ. ಇಟ್ಟುಕೊಳ್ಳುವಾ, ಅದಕ್ಕೆಂತ. ಬಾಂಬ್ ಅಲ್ಲ ಅಲ್ವಾ?" ಎಂದು ದೇವರ ಗೂಡಿನಲ್ಲೇ ಇಟ್ಟಳು. ಶುಕ್ರವಾರ ಮಲಗುವ ಮುಂಚೆ ಅದನ್ನು ತನ್ನ ಬಾಗಿಲ ಹೊರಗಿಡುವುದಾಗಿ ಒಪ್ಪಿಕೊಂಡಳು. ಸ್ನೇಹಿತರು ಮೂರೂವರೆಗೆ ಬರುತ್ತಾರೆಂದು ಶೈಲಜಾ ಹೇಳಿದ್ದಳು. ನಾನು ಮೂರಕ್ಕೆ ಎದ್ದು, ಅವಳ ಜೊತೆ ಮೆಟ್ಟಿಲಿಳಿದು, ಚೀಲವನ್ನು ಅಲ್ಲಿಂದಲೇ ಎತ್ತಿ ಅವಳ ಕೈಗಿಡಬೇಕು. ಇದು ನನ್ನ ಯೋಜನೆ.

ಮೂರಕ್ಕೆ ಅಲಾರಂ ಹೊಡೆದಾಗ ಅವಳ ಹಾಸಿಗೆ ಮಡಿಸಿತ್ತು. ಕಾಫಿ ಫಿಲ್ಟರಿನ ಕೆಳಗೆ ಒಂದು ಚೀಟಿ.

"ಅತ್ತೆ, ಮೇಲೆ ರಾತ್ರಿ ಹೆಪ್ಪುಗಟ್ಟುವಷ್ಟು ಚಳಿ ಇಲ್ಲವಂತೆ. ಬೇಗ ಹತ್ತಿ ಬೇಗ ಇಳಿಯಬೇಕು ಅಂತ ಟಾಮ್ ಎರಡಕ್ಕೇ ಬಂದ. ನಿಮ್ಮನ್ನ ಎಬ್ಬಿಸಲಿಲ್ಲ. ಡಿಕಾಕ್ಷನ್ ಇಳಿಸಿಟ್ಟಿದೀನಿ. ಸಂಜೆ ಐದಕ್ಕೆ ಫೋನ್ ಮಾಡ್ತೀನಿ."

ಕೆಳಗೆ ಹೋಗಿ ನೋಡಿದೆ. ಕೆಂಪು ಚೀಲ ಗುಲಾಬಿಯ ಕಾಲೊರಸಿನ ಮೇಲೆ, ಕತ್ತಲಲ್ಲಿ ಅವಳ ಕಣ್ಣಿಗೆ ಬೀಳದೆ ಹಾಗೇ ಕೂತಿತ್ತು. ಪ್ರಸ್ಥಾನ ಇಟ್ಟದ್ದನ್ನು ಬಿಟ್ಟುಹೋಗುವುದು ಒಳ್ಳೆಯದಲ್ಲ ಎಂಬ ಕಸಿವಿಸಿ ಬಿಟ್ಟರೆ ಆಗ ನನಗೆ ಇನ್ನೇನೂ ಅನಿಸಲಿಲ್ಲ. ಮೇಲೆ ತಂದು ಊಟದ ಮೇಜಿನ ಮೇಲಿಟ್ಟೆ.

ಎಂಟು ಗಂಟೆಗೆ ಗುಲಾಬಿ ನೀರುದೋಸೆ ಹಿಡಿದು ಬಂದವಳು ಮೇಜನ್ನು ನೋಡಿ ನಿಂತಳು. "ಚೀಲ ಇಲ್ಲೇ ಉಂಟಲ್ಲ ಮಾರಾಯ್ರೆ."

"ನನ್ನ ನಿದ್ದೆ ಕೆಡಬಾರ್ದು ಅಂತ ಎಬ್ಬಿಸದೇ ಹೋದ್ಲು. ಹೋಗ್ಲಿ ಬಿಡು, ರೇಡಿಯೋ ತಾನೆ."

ಗುಲಾಬಿ ಡಬ್ಬಿಯನ್ನು ಹೊರಗೆ ತೆಗೆದು ತಿರುಗಿಸಿ ನೋಡಿದಳು. ಏನೋ ಅನುಮಾನ ಬಂದು ಗಂಡನನ್ನು ಕರೆದಳು. ದೇವದಾಸ್‌ಗೆ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸ. ಕನ್ನಡಕ ಹಣೆಗೇರಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರು. ಕುರ್ಚಿ ಎಳೆದು, ನೀವು ಕೂತ್ಕೊಳ್ಳಿ ಅಮ್ಮ ಎಂದರು. ಆ ಕುರ್ಚಿ ಎಳೆದದ್ದರಲ್ಲೇ ನನಗೆ ಅರ್ಧ ಗೊತ್ತಾಯಿತು.

"ಇದು ರೇಡಿಯೋ ಹೌದು, ಆದ್ರೆ ಹಾಡು ಕೇಳೋದಲ್ಲ. ಹಿಮ ಕುಸಿದು ಮೇಲೆ ಬಿದ್ರೆ ಹುಡುಕ್ಲಿಕ್ಕೆ. ಪ್ರತಿಯೊಬ್ಬರ ಮೈಮೇಲೂ ಒಂದೊಂದು ಇರ್ತದೆ. ಇದು ಟಿಕ್ ಟಿಕ್ ಅಂತ ಕಳಿಸ್ತಾ ಇರ್ತದೆ. ಹೂತುಹೋದವರದ್ದು ಮಿಕ್ಕವರ ಕಿವಿಗೆ ಕೇಳ್ತದೆ. ಕೇಳಿದ ಕಡೆ ಅಗೀಬೇಕು."

"ಇದಿಲ್ದಿದ್ರೆ?"

ದೇವದಾಸ್ ಗುಂಡಿ ಒತ್ತಿದರು. ಹಳದಿ ಡಬ್ಬಿಯಲ್ಲಿ ಕಡಲೆಕಾಳಿನಷ್ಟು ಕೆಂಪು ದೀಪ ಮಿಣುಕತೊಡಗಿತು. ಗುಲಾಬಿ ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಎಲ್ಲಿಗೆ ಹೋಗಿದ್ದಾರೆಂದು ಗೊತ್ತಿತ್ತು. ಫ್ರಿಜ್ಜಿನ ಬಾಗಿಲಿಗೆ ಶೈಲಜಾ ನಕ್ಷೆ ಅಂಟಿಸಿದ್ದಳು. ಕಾರ್ಸನ್ ಪಾಸ್ ಎಂಬಲ್ಲಿ ಪೆನ್ಸಿಲಿನ ಸುತ್ತು, ಪಕ್ಕದಲ್ಲಿ ಟಾಮ್‌ನ ನೀಲಿ ಕಾರಿನ ನಂಬರು. ನಾನು ಕೇಳದಿದ್ದರೂ ಬರೆದಿಟ್ಟಿದ್ದಳು. ದೇವದಾಸ್ ಆ ಕಡೆಯ ಷೆರಿಫ್ ಕಚೇರಿಗೆ ಫೋನ್ ಮಾಡಿದರು. ಹೆಂಗಸೊಬ್ಬಳು ಎತ್ತಿದಳು. ಹೊರಟವರು ಬರುವ ಹೊತ್ತು ಇನ್ನೂ ಮೀರಿಲ್ಲ, ಹುಡುಕಲು ಜನ ಕಳಿಸಲಾಗುವುದಿಲ್ಲ. ಆದರೆ ಆ ದಾರಿಯಲ್ಲಿ ಹೋಗುವ ಪೊಲೀಸಿನವನಿಗೆ ಹೇಳಿ ಕಾರಿನ ಮೇಲೆ ಚೀಟಿ ಇಡಿಸಬಲ್ಲೆ ಎಂದಳು. ಇಷ್ಟು ಮುಖ್ಯವಾದ ವಸ್ತು ಮನೆಯಲ್ಲೇ ಹೇಗೆ ಉಳಿಯಿತು ಎಂದು ಕೇಳಿದಳು. ದೇವದಾಸ್ ತಡವರಿಸಿದರು. ನಾನು ಫೋನ್ ತೆಗೆದುಕೊಂಡೆ.

"ನಾನು ಅವಳ ಗಂಡನ ತಾಯಿ. ನಮ್ಮಲ್ಲೊಂದು ಪದ್ಧತಿಯಿದೆ. ಪ್ರಯಾಣ ಚೆನ್ನಾಗಿ ಆಗಲಿ ಎಂದು ಅವಳ ಒಂದು ವಸ್ತುವನ್ನು ಮೊದಲೇ ಪಕ್ಕದ ಮನೆಯಲ್ಲಿಟ್ಟೆ. ಅದು ಇದೆಂದು ನನಗೆ ಗೊತ್ತಿರಲಿಲ್ಲ," ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಗಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಹೇಳಿ ಎಂದಳು. ಬರೆದುಕೊಳ್ಳುವ ಸದ್ದು ಕೇಳಿಸಿತು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಶೈಲಜಾಳ ಕಪಾಟಿನಲ್ಲಿ ಹಿಮದ ಬಗ್ಗೆ ಒಂದು ಪುಸ್ತಕವಿತ್ತು. ವಸಂತದ ಹಿಮದ ಅಧ್ಯಾಯದಲ್ಲಿ ಅವಳೇ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ರಾತ್ರಿಯ ಚಳಿಗೆ ಹಿಮದ ಮೇಲ್ಭಾಗ ಗಟ್ಟಿ ಹಪ್ಪಳದಂತಾಗುತ್ತದೆ, ಬೆಳಿಗ್ಗೆ ಅದರ ಮೇಲೆ ನಿರ್ಭಯವಾಗಿ ನಡೆಯಬಹುದು. ಬಿಸಿಲೇರಿದಂತೆ ನೀರು ಒಳಗಿಳಿದು ಕಣಕಣವನ್ನು ಹಿಡಿದಿಟ್ಟ ಬಿಗಿ ಬಿಚ್ಚಿಹೋಗುತ್ತದೆ. ಕಾಲು ಪಾದ ಮೀರಿ ಹೂತುಹೋಗತೊಡಗಿದರೆ ತಕ್ಷಣ ಇಳಿಜಾರು ಬಿಟ್ಟುಹೋಗಿ. ರಾತ್ರಿ ಹೆಪ್ಪುಗಟ್ಟದಿದ್ದರೆ ಹೋಗಲೇಬೇಡಿ. ಆ ಕೊನೆಯ ಸಾಲಿಗೆ ಎರಡು ಗೆರೆ.

ಹೊರಗೆ ಚಿನ್ನದಂಥ ದಿನ. ವಾರವೆಲ್ಲ ಮೋಡವಿದ್ದು ಅಂದೇ ಬಿಸಿಲು ಬಂದಿತ್ತು. ಕೆಳಗಿನ ಈಜುಕೊಳದಲ್ಲಿ ಮಕ್ಕಳು ಕೇಕೆ ಹಾಕುತ್ತಿದ್ದರು. ಎದುರು ಮನೆಯ ವೃದ್ಧ ಅಮೆರಿಕನ್ ಬಾಲ್ಕನಿಯಿಂದ ಕೈಬೀಸಿ, ಎಂಥ ಸುಂದರ ದಿನ ಎಂದ. ದಿನಾ ನನ್ನನ್ನು ಮಾತಾಡಿಸುವ ಒಳ್ಳೆಯ ಮನುಷ್ಯ. ಅವನ ಕೈಯ ಮೇಲೆ ಬಿದ್ದ ಬಿಸಿಲೇ ನೂರಾರು ಮೈಲಿ ಆಚೆ ಅವಳ ಕಾಲ ಕೆಳಗೂ ಬಿದ್ದಿದೆ ಎನಿಸುತ್ತಿತ್ತು.

ಹನ್ನೊಂದರ ಹೊತ್ತಿಗೆ ನಾನೊಂದು ಹುಚ್ಚು ಕೆಲಸ ಮಾಡಿದೆ. ಫ್ರೀಜರಿನಿಂದ ಒಂದು ಐಸ್ ತುಂಡು ತೆಗೆದು ಸ್ಟೀಲ್ ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಸ್ವಲ್ಪ ಓರೆ ಮಾಡಿ ಬಾಲ್ಕನಿಯ ಬಿಸಿಲಿನಲ್ಲಿಟ್ಟೆ. ತುಂಡು ಮೊದಲು ತಟ್ಟೆಗೆ ಕಚ್ಚಿಕೊಂಡು ಅಲ್ಲಾಡಲಿಲ್ಲ. ಮೇಲೆ ಇನ್ನೂ ಬೆಳ್ಳಗೆ, ಗಟ್ಟಿಯಾಗೇ ಇತ್ತು. ತಳದಲ್ಲಿ ನೀರಾದದ್ದು ಕಣ್ಣಿಗೆ ಕಾಣಲೂ ಇಲ್ಲ. ಯಾರೂ ಮುಟ್ಟದೆಯೇ ಸರ್ರನೆ ಜಾರಿ ಅಂಚಿಗೆ ಬಡಿಯಿತು. ನಾನು ತಟ್ಟೆಯನ್ನು ಎತ್ತಿ ಒಳಗೆ ತಂದುಬಿಟ್ಟೆ.

"ಎಂತ ಮಾಡಿದ್ದು?" ಎಂದಳು ಗುಲಾಬಿ.

"ಏನಿಲ್ಲ. ಪಾಠ."

ಅವಳು ಅಂದು ಮಧ್ಯಾಹ್ನದ ಡ್ಯೂಟಿಯನ್ನು ಯಾರಿಗೋ ಬದಲಿಸಿಕೊಟ್ಟು ನನ್ನ ಜೊತೆಗೇ ಉಳಿದಿದ್ದಳು. ಹಾಗೆಂದು ಹೇಳಲಿಲ್ಲ. ಈ ದಿನ ರಜೆ ಇತ್ತು ಎಂದಳು. ಬಾಗಿಲ ಹಿಂದೆ ಅವಳ ಬಿಳಿ ಯೂನಿಫಾರಂ ಇಸ್ತ್ರಿ ಮಾಡಿ ತೂಗುಹಾಕಿದ್ದನ್ನು ನಾನು ನೀರುದೋಸೆಯ ಪಾತ್ರೆ ಹಿಂತಿರುಗಿಸಲು ಹೋದಾಗ ಕಂಡಿದ್ದೆ.

ಹನ್ನೆರಡೂವರೆಗೆ ಷೆರಿಫ್ ಕಚೇರಿಯ ಹೆಂಗಸು ತಾನಾಗಿಯೇ ಫೋನ್ ಮಾಡಿದಳು. ನೀಲಿ ಕಾರು ಸಿಕ್ಕಿದೆ, ಒಳಗೆ ಯಾರೂ ಇಲ್ಲ, ಗಾಜಿನ ಮೇಲಿನ ಒರಸುಕಡ್ಡಿಗೆ ಚೀಟಿ ಸಿಕ್ಕಿಸಿದ್ದಾರೆ. ನನಗೆ ಧೈರ್ಯ ಬರಲೆಂದು, ಮೇಲೆ ಬಹಳ ಚೆನ್ನಾದ ದಿನವಂತೆ, ಜನ ಕೋಟು ಕಳಚಿ ಓಡಾಡುತ್ತಿದ್ದಾರಂತೆ ಎಂದೂ ಹೇಳಿದಳು. ನಾನು ಥ್ಯಾಂಕ್ಸ್ ಹೇಳಿದೆ. ಫೋನಿಟ್ಟು, ಪುಸ್ತಕದ ಆ ಎರಡು ಗೆರೆಯ ಸಾಲನ್ನು ಮತ್ತೆ ಓದಿದೆ.

ಎರಡು ಗಂಟೆ, ಮೂರು ಗಂಟೆ. ದೇವದಾಸ್ ಡಬ್ಬಿಯನ್ನು ಆರಿಸಿ ಚೀಲಕ್ಕೆ ಹಾಕಲು ಹೋದರು. ಬೇಡ ಎಂದೆ. ಏಕೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಅವರು ಕೇಳದೆ, ಬ್ಯಾಟರಿ ಮುಗಿದರೆ ಬೇರೆ ತರುತ್ತೇನೆ ಎಂದಷ್ಟೇ ಹೇಳಿದರು. ಆ ದೀಪ ಮೇಜಿನ ಮೇಲೆ ಮಿಣುಕುತ್ತಲೇ ಇತ್ತು. ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ ಎಂದು ಅದು ಹೇಳುತ್ತಿದ್ದದ್ದು ಸುಳ್ಳಾಗಿತ್ತು. ಆನಂದನಿಗೆ ಏನು ಹೇಳಲಿ, ಅವಳ ತಾಯಿಗೆ ಯಾವ ಮಾತಿನಲ್ಲಿ ಬರೆಯಲಿ ಎಂಬಲ್ಲಿಗೆ ಮನಸ್ಸು ಹೋಗಿ ಹೋಗಿ ಬರುತ್ತಿತ್ತು. ಮೂರನೆಯ ಸಲ ಕೇಳಿದ್ದರೆ ಅವಳು ಬೈಯುತ್ತಿದ್ದಳು, ಅಷ್ಟೇ ತಾನೆ.

ಐದಾಯಿತು. ಫೋನ್ ಬರಲಿಲ್ಲ.

ಐದೂಮುಕ್ಕಾಲಿಗೆ ಗಂಟೆ ಬಾರಿಸಿತು. ಆನಂದ.

"ಏನಮ್ಮಾ, ಫೋನ್ ತೊಡೆ ಮೇಲೆ ಇಟ್ಕೊಂಡೇ ಕೂತಿದ್ಯಾ? ಅರ್ಧ ರಿಂಗಿಗೇ ಎತ್ತಿದೆ."

"ಶೈಲಜಾ ಇನ್ನೂ ಬಂದಿಲ್ಲ. ಅವಳ ಫೋನ್ ಬರಬೇಕು. ನೀನು ಇಡು."

"ಬರ್ತಾಳೆ ಬಿಡು, ಟ್ರಾಫಿಕ್ ಇರತ್ತೆ. ಊಟಕ್ಕೇನು..."

"ಆನಂದ, ಅವಳ ಜೀವಕ್ಕೆ ಬೇಕಾದ್ದನ್ನ ನಾನು ಮನೇಲಿ ಉಳಿಸಿಕೊಂಡಿದೀನಿ. ಈಗ ಫೋನ್ ಇಡಪ್ಪ."

ಅವನು ಇಟ್ಟ. ಏನೂ ಕೇಳದೆ ಇಟ್ಟದ್ದಕ್ಕೆ ನಾನು ಇಂದಿಗೂ ಅವನಿಗೆ ಋಣಿ.

ಆರೂಕಾಲಿಗೆ ಮತ್ತೆ ಬಾರಿಸಿತು. ಆಪರೇಟರ್. ಶೈಲಜಾ ಎಂಬುವರು ಮಾತಾಡಬೇಕಂತೆ, ಕರೆಯ ಖರ್ಚು ನಿಮ್ಮದು, ಒಪ್ಪುತ್ತೀರಾ ಎಂದಳು. ಎಸ್ ಎಂದು ಮೂರು ಸಲ ಹೇಳಿದೆ.

"ಅತ್ತೆ."

ಅವಳ ಹಿಂದೆ ಲಾರಿಯೊಂದು ಹೋದ ಸದ್ದು.

"ನಾನು ಸರಿಯಾಗಿದೀನಿ. ಕಾಲು ಸ್ವಲ್ಪ ತಿರುಚಿದೆ. ಬರೋದು ಲೇಟಾಗತ್ತೆ. ನೀವು ಊಟ ಮಾಡಿ ಮಲಗಿ." ಆಮೇಲೆ ಮೆಲ್ಲಗೆ, "ಚೀಟಿ ಸಿಕ್ತು ಅತ್ತೆ," ಎಂದಳು.

ಅವಳು ನಡೆದದ್ದನ್ನು ಹೇಳಿದ್ದು ಭಾನುವಾರ ಬೆಳಿಗ್ಗೆ. ಊದಿದ ಕಾಲನ್ನು ಎದುರು ಕುರ್ಚಿಯ ಮೇಲಿಟ್ಟುಕೊಂಡು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಕೆನ್ನೆಯ ಮೇಲೆ ಉದ್ದನೆಯ ಗೀರು.

"ಕಾರಿನ ಹತ್ರಾನೇ ಎಲ್ಲರದ್ದೂ ಚೆಕ್ ಮಾಡ್ತೀವಿ. ನಂದಿರ್ಲಿಲ್ಲ. ಬುಧವಾರ ಹೊಸ ಬ್ಯಾಟರಿ ಹಾಕಿ ನಾನೇ ಇಟ್ಟಿದ್ದೆ. ಮನೇಲಿ ಇನ್ಯಾರಿದಾರೆ? ನಾನು ಹೋಗ್ಬಾರ್ದು ಅಂತ ನೀವೇ ಬಚ್ಚಿಟ್ಟಿದೀರಿ ಅನ್ಕೊಂಡೆ."

ನಾನು ಬಾಯಿ ತೆರೆದೆ. ಅವಳು ತಲೆಯಾಡಿಸಿದಳು.

"ಕೇಳಿ. ಟಾಮ್ ಬೇಡ, ಇವತ್ತು ಕೆಳಗೆ ಕಾಡಲ್ಲೇ ಓಡಾಡೋಣ ಅಂದ. ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದ್ರೆ, ನಾನು ಹೋಗೇ ಹೋಗ್ತೀನಿ ಅಂದೆ. ಅವರಿಬ್ಬರೂ ನನ್ನನ್ನ ಒಬ್ಬಳನ್ನೇ ಬಿಡಲಾರದೆ ಬಂದ್ರು. ಹತ್ತೂವರೆಗೆ ಕಾಲು ಹೂತುಹೋಗೋಕೆ ಶುರುವಾಯ್ತು. ಇಳೀಬೇಕು ಅಂತ ಗೊತ್ತು ಅತ್ತೆ, ಓದಿದೀನಲ್ಲ. ಇನ್ನೊಂದು ಸ್ವಲ್ಪ ಅಂದೆ."

ಲೋಟವನ್ನು ಮೇಜಿನ ಮೇಲಿಟ್ಟಳು.

"ಗೋಣಿಚೀಲ ಎತ್ತಿಹಾಕಿದ ಹಾಗೆ ಒಂದು ಸದ್ದು. ಕಾಲ ಕೆಳಗಿನ ನೆಲ ಪೂರ್ತಿ ಹೊರಟ್ಹೋಯ್ತು. ಓಡೋದಿಲ್ಲ ಅದು, ಒದ್ದೆ ಸಿಮೆಂಟ್ ಥರ ನಿಧಾನ ಬರತ್ತೆ, ಆದ್ರೆ ಬಿಡಲ್ಲ. ಒಂದು ಪೈನ್ ಮರಕ್ಕೆ ಸಿಕ್ಕಿ ನಿಂತೆ. ಎದೆವರೆಗೂ ಹೂತಿದ್ದೆ. ಮುಖ ಹೊರಗಿತ್ತು. ಇನ್ನೆರಡಡಿ ಆಚೆ ಇದ್ದಿದ್ರೆ ಮರ ಇರ್ಲಿಲ್ಲ." ಊದಿದ ಕಾಲನ್ನು ಸರಿಸಿಟ್ಟುಕೊಂಡು, "ಹಿಂದಿದ್ದ ಅವರಿಬ್ಬರಿಗೆ ನನ್ನನ್ನ ಅಗೆದು ತೆಗೆಯೋಕೆ ಒಂದು ಗಂಟೆ ಹಿಡೀತು. ಇಳಿಯೋವಾಗ ಜೂಡಿ ತನ್ನ ಡಬ್ಬಿ ತೆಗೆದು ನನ್ನ ಕೊರಳಿಗೆ ಹಾಕಿದ್ಲು," ಎಂದಳು.

"ತಪ್ಪು ನಂದು ಶೈಲೂ. ನಿನ್ನ ತಡೆಯೋಕಲ್ಲ..."

"ಗೊತ್ತು." ಅವಳು ಜೇಬಿನಿಂದ ಒದ್ದೆಯಾಗಿ ಒಣಗಿದ ಕಾಗದ ತೆಗೆದು ಬಿಡಿಸಿದಳು. ದಪ್ಪ ಅಕ್ಷರದ ಪೊಲೀಸ್ ಬರಹ. ನಿಮ್ಮ ಡಬ್ಬಿ ಮನೆಯಲ್ಲಿದೆ, ಕಡಿದಾದ ಕಡೆ ಹೋಗಬೇಡಿ ಎಂದು ಬರೆದು, ಅದರ ಕೆಳಗೆ ಇನ್ನೊಂದು ಸಾಲು. ನಿಮ್ಮ ಅತ್ತೆ ಅದನ್ನು ಪಕ್ಕದ ಮನೆಯಲ್ಲಿಟ್ಟದ್ದು ನಿಮ್ಮ ಪ್ರಯಾಣ ಚೆನ್ನಾಗಿ ಆಗಲಿ ಎಂದಂತೆ. ಆ ಎರಡನೆಯ ಸಾಲನ್ನು ಬರೆಯಲೇಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ.

"ಇದನ್ನ ಓದಿ ಕಾರಿನ ಪಕ್ಕದಲ್ಲೇ ಕೂತ್ಬಿಟ್ಟೆ," ಎಂದಳು. "ನೀವು ಹೋಗಿ ಬಾ ಅಂತಿದ್ರಿ. ನಾನು ನಿಮ್ಮ ಮೇಲಿನ ಸಿಟ್ಟಿಗೆ ಹತ್ತಿದ್ದೆ."

ಗುಲಾಬಿ ಆಮೇಲೆ ಬಂದವಳು, ಪ್ರಸ್ಥಾನವೇ ಕಾಪಾಡಿದ್ದು ವೇದಮ್ಮ ಎಂದಳು. ನಾನು ಹೌದೆನ್ನಲಿಲ್ಲ. ಹಾಗೆ ನಂಬಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಧ್ಯಾಹ್ನ ಶೈಲಜಾ ಮೇಜಿನ ಮೇಲಿನ ಡಬ್ಬಿಯ ಗುಂಡಿಯನ್ನು ಕೇಳಿಸಿಕೊಳ್ಳುವ ಕಡೆಗೆ ತಿರುಗಿಸಿ, ಅದನ್ನು ನನ್ನ ಕೊರಳಿಗೆ ಹಾಕಿ, ವೈರನ್ನು ಕಿವಿಗೆ ಸಿಕ್ಕಿಸಿದಳು. "ಇನ್ಮೇಲೆ ನನ್ನ ಚೀಲದಿಂದ ಏನು ತೆಗೆದ್ರೂ ಅದೇನು ಅಂತ ಗೊತ್ತಿರ್ಬೇಕು ನಿಮಗೆ. ನಾನು ಜೂಡಿಯದ್ದನ್ನ ಹಾಕ್ಕೊಂಡು ಬಚ್ಚಿಟ್ಕೋತೀನಿ. ಕಣ್ಣು ಮುಚ್ಚಿ ಹುಡುಕಿ. ಸದ್ದು ಕಮ್ಮಿಯಾದ್ರೆ ತಿರುಗಿ."

ಕುಂಟುತ್ತ ಹೋದ ಹೆಜ್ಜೆ ಕೇಳಿಸಿತು. ಬಾಗಿಲ ಸದ್ದು ಕೇಳಿಸಲಿಲ್ಲ, ಎಂದಿನಂತೆ. ನಾನು ಗೋಡೆ ಹಿಡಿದು ನಡೆದೆ. ಟಿಕ್ ಟಿಕ್ ದೂರದಲ್ಲಿತ್ತು. ಅಡಿಗೆಮನೆಯ ಕಡೆ ತಿರುಗಿದೆ, ಕ್ಷೀಣವಾಯಿತು, ಪೂರ್ತಿ ನಿಂತೇಹೋಯಿತು. ಆಟವೆಂದು ಗೊತ್ತಿದ್ದೂ ಅಲ್ಲೇ ನಿಂತು, ಉಸಿರು ಹಿಡಿದು, ನಿಧಾನವಾಗಿ ಈಚೆ ತಿರುಗಿದೆ. ಮತ್ತೆ ಬಂತು. ಹೆಜ್ಜೆಹೆಜ್ಜೆಗೂ ಜೋರಾಗಿ ಕಿವಿ ತುಂಬಿತು. ಕೈ ಚಾಚಿದಾಗ ಬಾಲ್ಕನಿಯ ಪರದೆ, ಪರದೆಯ ಹಿಂದೆ ಅವಳ ಭುಜ.

"ಸಿಕ್ಕಿದ್ನಲ್ಲ ಅತ್ತೆ, ಇನ್ನು ತೆಗೀರಿ," ಎಂದಳು.

ನಾನು ಇನ್ನೂ ಸ್ವಲ್ಪ ಹೊತ್ತು ಕಿವಿಯಿಂದ ಅದನ್ನು ತೆಗೆಯಲಿಲ್ಲ.